ಕೇಳದೆ ಇಟ್ಟದ್ದು

ವೀಣಾಗೆ ಮುಟ್ಟು ಶುರುವಾದರೆ ಯಾವಾಗ ನಿಲ್ಲುತ್ತದೆ ಎಂದು ಮನೆಯಲ್ಲಿ ಈಗ ಯಾರೂ ಕೇಳುತ್ತಿರಲಿಲ್ಲ. ಮೊದಲ ವರ್ಷ ಕೇಳುತ್ತಿದ್ದರು. ಆಗ ಅವಳು ಹಿತ್ತಲ ಕಡೆಯ ಚಿಕ್ಕ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ತಲೆಗೆ ನೀರು ಹಾಕಿಕೊಳ್ಳುವ ತನಕ ಮಗ್ಗ ಮುಟ್ಟುವಂತಿರಲಿಲ್ಲ, ರೇಷ್ಮೆ ಮುಟ್ಟುವಂತಿರಲಿಲ್ಲ. ಆದರೆ ಅವಳು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡದೆ ಗಂಡನ ಲಾಳಿ ಓಡುವಂತಿರಲಿಲ್ಲ. ನೀರು ಹಾಕಿಕೊಂಡ ಮರುದಿನವೇ ಮತ್ತೆ ಕಾಣಿಸಿಕೊಳ್ಳುವುದು ಶುರುವಾದಾಗ, ಅತ್ತೆ ಈಶ್ವರಮ್ಮನೇ ರಾಟೆಯನ್ನು ಎತ್ತಿ ತಂದು ಚಿಕ್ಕ ಕೋಣೆಯ ಬಾಗಿಲಲ್ಲಿಟ್ಟಳು.

"ಮೈಲಿಗೆ ಅಂತ ಕೂತ್ರೆ ಮಗ್ಗದಿಂದ ಸೀರೆ ಇಳಿಯಲ್ಲ. ದೇವರಿಗೂ ಗೊತ್ತೈತೆ," ಎಂದಳು.

ಆಮೇಲೆ ಆ ಕೋಣೆಯೂ ಬೇಡವಾಯಿತು. ವೀಣಾ ನಡುಮನೆಯಲ್ಲೇ ಕೂತು ಕಂಡಿಕೆ ಸುತ್ತಿದಳು. ಗಂಡ ಕೃಷ್ಣಕುಮಾರ್ ಹೊರಗೆ ಹೋದಾಗ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ತಾನೇ ನೇಯ್ದಳು. ಬಟ್ಟೆ ಒದ್ದೆಯಾಗಿ ಕೆಳಗೆ ಹಾಕಿಕೊಂಡ ಗೋಣಿಗೆ ಇಳಿದರೆ ಎದ್ದು ಹೋಗಿ ಬದಲಿಸಿ ಬಂದು ಮತ್ತೆ ಕೂರುತ್ತಿದ್ದಳು.

ಮೊಳಕಾಲ್ಮುರಿನ ಆ ಬೀದಿಯಲ್ಲಿ ಮನೆಯೊಳಗೆ ತೆಲುಗು, ಜಗಲಿಗೆ ಬಂದರೆ ಕನ್ನಡ. ಒಂದೇ ಮಾತಿನಲ್ಲಿ ಎರಡೂ ಬೆರೆತಿರುವುದೂ ಉಂಟು. ವೀಣಾ ರಾಯದುರ್ಗದ ಹುಡುಗಿ. ಈಶ್ವರಮ್ಮ ಅವಳ ತಂದೆಯ ಅಕ್ಕ. ಚಿಕ್ಕಂದಿನಿಂದ ಅತ್ತಮ್ಮ ಎಂದು ಕರೆದವಳ ಮನೆಗೇ ಸೊಸೆಯಾಗಿ ಬಂದಿದ್ದಳು. ಕೃಷ್ಣಕುಮಾರನನ್ನು ಬಾವ ಎಂದೇ ಕರೆಯುತ್ತಿದ್ದಳು, ಮದುವೆಯಾದ ಮೇಲೂ. ಹಾಗಾಗಿ ಆ ಮನೆಯಲ್ಲಿ ಯಾರಿಗೂ ಯಾರ ಮೇಲೂ ಕೂಗಾಡುವ ಅಭ್ಯಾಸವಿರಲಿಲ್ಲ.

ಮದುವೆಯಾದ ಎರಡನೇ ವರ್ಷ ಅವಳು ಬಸುರಿಯಾಗಿದ್ದಳು. ತೌರಿಗೆ ಕಳಿಸಬೇಕು ಅನ್ನುವಷ್ಟರಲ್ಲಿ, ದಿನ ತುಂಬುವ ಮೊದಲೇ ನೋವು ಬಂತು. ಇಲ್ಲಿ ಆಗುವುದಿಲ್ಲವೆಂದು ಆಂಬುಲೆನ್ಸಿನಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಜೊತೆಗೆ ಅತ್ತೆ ಹೋದಳು. ಹೆಣ್ಣು ಮಗು. ಹುಟ್ಟಿದ ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿಡಲು ಒಯ್ದರು. ವೀಣಾ ಮಗುವಿನ ಪಾದವನ್ನಷ್ಟೇ ನೋಡಿದಳು, ನರ್ಸಿನ ಕೈಯ ಹಸಿರು ಬಟ್ಟೆಯಿಂದ ಹೊರಗೆ ಇಣುಕಿದ್ದ ಒಂದು ಪಾದ. ಎದೆಹಾಲು ಹಿಂಡಿ ಲೋಟದಲ್ಲಿ ಕಳಿಸಿದಳು. ಎರಡು ದಿನ ಕಳಿಸಿದ ಮೇಲೆ, ಇನ್ನು ಬೇಡ ಎಂದರು. ಕೃಷ್ಣಕುಮಾರ್ ಬಂದು ಮಗುವನ್ನು ಊರಿಗೆ ಒಯ್ದು ಮಣ್ಣು ಮಾಡಿದ. ಅವಳು ಆಸ್ಪತ್ರೆಯಲ್ಲೇ ಇದ್ದಳು. ಮನೆಗೆ ಬಂದ ಮೇಲೆ ಅದರ ಮಾತು ಯಾರೂ ಎತ್ತಲಿಲ್ಲ. ಎತ್ತಿದರೆ ಅವಳಿಗೆ ಸಂಕಟವಾಗುತ್ತದೆ ಎಂದು ಅವರು ಸುಮ್ಮನಿದ್ದರು. ಅವಳೂ ಅವರಿಗಾಗಿ ಸುಮ್ಮನಿದ್ದಳು.

ಮತ್ತೆ ಮುಟ್ಟು ಬಂದಾಗ ಅದು ಹಳೆಯ ಮುಟ್ಟಾಗಿರಲಿಲ್ಲ. ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ಸೊಂಟ, ತೊಡೆ ಎಲ್ಲ ಜಗ್ಗುತ್ತಿತ್ತು. ಹೆರಿಗೆಯಾದ ಮೇಲೆ ಹಾಗೇ ಎಂದರು. ಉಷ್ಣ ಎಂದರು. ಬಾಳೆಹೂವಿನ ಪಲ್ಯ ಮಾಡಿ ತಿನ್ನಿಸಿದರು, ಗಸಗಸೆ ಅರೆದು ಕುಡಿಸಿದರು. ಔಷಧಿ ಅಂಗಡಿಯವನು ಕೊಟ್ಟ ಮಾತ್ರೆ ನುಂಗಿದರೆ ನಿಲ್ಲುವುದು, ಬಿಟ್ಟರೆ ಮತ್ತೆ ಬರುವುದು. ಒಬ್ಬ ಡಾಕ್ಟರು ಹೊಟ್ಟೆ ಒತ್ತಿ ನೋಡಿ ರಕ್ತದ ಟಾನಿಕ್ಕು ಬರೆದುಕೊಟ್ಟರು. ಬಸುರಂತೂ ನಿಲ್ಲಲಿಲ್ಲ. ಒಮ್ಮೆ ಯಾರೋ ಗಂಡನನ್ನೂ ಪರೀಕ್ಷೆ ಮಾಡಿಸಬೇಕು ಎಂದದ್ದಕ್ಕೆ ಕೃಷ್ಣಕುಮಾರ್ ಮುಖ ಸಣ್ಣ ಮಾಡಿಕೊಂಡ. ಅಲ್ಲಿಂದ ಆಸ್ಪತ್ರೆಯ ಮಾತು ನಿಂತು ಹರಕೆಯ ಮಾತು ಶುರುವಾಯಿತು. ನಾಯಕನಹಟ್ಟಿಗೆ ಹೋಗಿ ತಿಪ್ಪೇಸ್ವಾಮಿಗೆ ಕೊಬ್ಬರಿ ಸುಟ್ಟು ಬಂದರು. ಈಶ್ವರಮ್ಮ ಸೋಮವಾರ ಒಪ್ಪತ್ತು ಹಿಡಿದಳು. ಸೊಸೆಗೆ ಮಗುವಾಗುವ ತನಕ ಬಿಡುವುದಿಲ್ಲ ಎಂದು ಹೇಳಿಕೊಂಡಿದ್ದಳು.

ಹೀಗೆ ಐದು ವರ್ಷ ಹೋಯಿತು.

ಈಚೆಗೆ ವೀಣಾಗೆ ಯಾವುದೂ ಮೈಗೆ ತಾಕುತ್ತಿರಲಿಲ್ಲ. ಬೀದಿಯ ಹೆಂಗಸರು ಏನಾದರೂ ಅಂದರೆ ಅದು ಬೇರೆ ಯಾರಿಗೋ ಅಂದ ಹಾಗೆ ಕೇಳಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ, ಆದರೆ ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತಿತ್ತು. ಕಂಡಿಕೆ ಸುತ್ತುತ್ತ ಮಡಿಲಲ್ಲಿ ಅಕ್ಕಿ ಇಟ್ಟುಕೊಂಡು ಕಟಕಟ ಅಗಿಯುತ್ತಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಉಗುರುಗಳು ಬಿಳಿಚಿ ಚಪ್ಪಟೆಯಾಗಿದ್ದವು. ಒಂದು ಬೆಳಿಗ್ಗೆ ನಲ್ಲಿಯಿಂದ ಬಿಂದಿಗೆ ಎತ್ತಿದವಳು ಅಲ್ಲೇ ಕುಸಿದಳು. ಎಚ್ಚರವಾದಾಗ ಸುತ್ತ ಹೆಂಗಸರಿದ್ದರು. ಅವಳು ನೋಡಿದ್ದು ಬಿಂದಿಗೆ ನಗ್ಗಿದೆಯೋ ಇಲ್ಲವೋ ಎಂದು.

ಆ ವಾರವೇ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಹೆಚ್ಚು ಕೇಳಲಿಲ್ಲ. "ಗರ್ಭಕೋಶ ತೆಗೆಸಿಬಿಡಿ. ಮಕ್ಕಳಂತೂ ಆಗ್ತಿಲ್ಲ, ಸುಮ್ನೆ ರಕ್ತ ಹೋಗ್ತೈತೆ. ಅದಿದ್ದು ಏನು ಮಾಡ್ತೀರಿ?" ಎಂದರು. ಆಪರೇಷನ್ನಿಗೆ ಮುಂಚೆ ಚಳ್ಳಕೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರಲು ಹೇಳಿದರು.

ಆ ಸಂಜೆ ಮೂವರೂ ನಡುಮನೆಯಲ್ಲಿ ಕೂತರು.

"ತೆಗೆಸಿದ್ರೆ ಜೀವನಾದ್ರೂ ಉಳೀತೈತೆ," ಎಂದಳು ಈಶ್ವರಮ್ಮ. ಅವಳ ಕಣ್ಣು ಮಗನ ಮೇಲಿತ್ತು.

ಕೃಷ್ಣಕುಮಾರ್ ಲಾಳಿಯ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. "ನೀನೇನಂತೀಯ ವೀಣಾ?"

"ಸರಿ," ಎಂದಳು ವೀಣಾ.

"ಸರಿ ಅಂದ್ರೆ?"

"ತೆಗೆಸೋಣ."

ಅವಳಿಗೆ ದುಃಖವಾಗಲಿಲ್ಲ. ಇನ್ನು ಬಟ್ಟೆ ಒಗೆಯುವುದು ತಪ್ಪುತ್ತದೆ ಎಂದು ಮಾತ್ರ ಅನ್ನಿಸಿತು. ಎದ್ದು ಹೋಗಿ ಒಲೆಯ ಮೇಲಿನ ಸಾರು ಇಳಿಸಿದಳು.

ಮರುದಿನ ಗಂಡ ಹೆಂಡತಿ ಬಸ್ಸು ಹತ್ತಿ ಚಳ್ಳಕೆರೆಗೆ ಬಂದರು. ದಾರಿಯುದ್ದಕ್ಕೂ ಅವಳು ಕಿಟಕಿಗೆ ತಲೆಯಿಟ್ಟು ಮಲಗಿದ್ದಳು. ತಳಕು ದಾಟಿದ್ದು ಗೊತ್ತಾಗಲಿಲ್ಲ. ಊರು ಬಂದದ್ದು ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆಯಿಂದ ಗೊತ್ತಾಯಿತು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆ ತುಂಬ ನೀರು ಕುಡಿದು ಬೆಂಚಿನ ಮೇಲೆ ಕಾದು, ಹೆಸರು ಕರೆದಾಗ ಒಬ್ಬಳೇ ಒಳಗೆ ಹೋದಳು.

ಅಲ್ಲಿಯ ಡಾಕ್ಟರು ಶಶಿಕಾಂತ್ ಎಂಬವರು. ನಡುವಯಸ್ಸು, ಮಾತು ಕಡಿಮೆ. ತಣ್ಣಗಿನ ಜೆಲ್ಲು ಸವರಿ ಹೊಟ್ಟೆಯ ಮೇಲೆ ಯಂತ್ರದ ತುದಿಯನ್ನು ಆಡಿಸುತ್ತ ಪರದೆ ನೋಡುತ್ತಿದ್ದವರು ಒಂದು ಕಡೆ ಕೈ ನಿಲ್ಲಿಸಿದರು. ಮತ್ತೆ ಆಡಿಸಿದರು.

"ಕಾಪರ್ ಟಿ ಯಾವಾಗ ಹಾಕಿಸ್ಕೊಂಡ್ರಿ?"

"ಏನು ಸರ್?"

"ವಂಕಿ ಅಮ್ಮಾ. ಮಕ್ಕಳಾಗದೆ ಇರ್ಲಿ ಅಂತ ಒಳಗೆ ಹಾಕ್ತಾರಲ್ಲ, ಅದು."

"ನಾನು ಹಾಕಿಸ್ಕೊಂಡಿಲ್ಲ."

"ಇಲ್ಲಿದೆ ನೋಡಿ." ಪರದೆಯನ್ನು ಅವಳ ಕಡೆ ತಿರುಗಿಸಿದರು. ಬೂದು ಬಣ್ಣದ ಮಸುಕಿನ ನಡುವೆ ಒಂದು ಬೆಳ್ಳನೆಯ ಗೆರೆಯಿತ್ತು. ಅದು ಓರೆಯಾಗಿತ್ತು.

ವೀಣಾ ನೋಡಿದಳು. "ಅದು ಬೇರೆಯವರ್ದು ಇರ್ಬೇಕು ಸರ್," ಎಂದಳು.

ಡಾಕ್ಟರು ಅವಳ ಮುಖ ನೋಡಿದರು. ಹೊಟ್ಟೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಕೃಷ್ಣಕುಮಾರನನ್ನು ಒಳಗೆ ಕರೆಸಿದರು.

"ಎಷ್ಟು ಮಕ್ಕಳು ನಿಮಗೆ?"

"ಮಕ್ಕಳಿಲ್ಲ ಸರ್. ಒಂದು ಆಗಿತ್ತು, ಹೋಯ್ತು. ಆಮೇಲೆ ಆಗ್ಲೇ ಇಲ್ಲ."

"ವಂಕಿ ಇದ್ರೆ ಹೆಂಗೆ ಆಗ್ತಾವ್ರೀ? ಒಳಗೆ ಕಾಪರ್ ಟಿ ಇದೆ. ಅಡ್ಡ ತಿರುಗಿ ಗೋಡೆಗೆ ಕಚ್ಕೊಂಡಿದೆ. ರಕ್ತ ಹೋಗೋದಕ್ಕೆ ಅದೇ ಕಾರಣ ಇರ್ಬಹುದು. ಗರ್ಭಕೋಶ ತೆಗೆಸೋ ಮಾತು ಈಗ ಬೇಡ. ನಾನು ಹೇಳೋ ಕಡೆ ಹೋಗಿ ಆಶಾ ಡಾಕ್ಟರನ್ನ ನೋಡಿ. ಫೋನ್ ಮಾಡಿರ್ತೀನಿ."

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಆಟೋಗಳು ಹಾದು ಹೋಗುತ್ತಿದ್ದವು. ಕೃಷ್ಣಕುಮಾರ್ ಅವಳ ಕಡೆ ತಿರುಗದೆ ಕೇಳಿದ.

"ರಾಯದುರ್ಗಕ್ಕೆ ಹೋದಾಗ ಏನಾದ್ರೂ... ನಿಮ್ಮಕ್ಕ ಕರ್ಕೊಂಡು ಹೋಗಿ..."

"ಇಲ್ಲ ಬಾವ."

"ನಿನಗೆ ಮತ್ತೆ ಹೆರಿಗೆ ಅಂದ್ರೆ ಭಯ ಇತ್ತು. ಹಂಗಾಗಿ ಕೇಳ್ದೆ."

"ಇಲ್ಲ," ಎಂದಳು ಮತ್ತೆ. ಅವನು ಸಂಶಯಪಟ್ಟದ್ದು ಅವಳಿಗೆ ತಿಳಿಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಿಂತು ನಿಂತು ಕಾಲು ಸೋತಿದ್ದರಿಂದ ಮರದ ಕಟ್ಟೆಯ ಮೇಲೆ ಕೂತಳು.

ಆಶಾ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದ ಕೂಡಲೇ ಅಡ್ಮಿಟ್ ಆಗಿ ಎಂದರು. ರಕ್ತ ಪರೀಕ್ಷೆಯಲ್ಲಿ ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಐದಿತ್ತು. "ಇಷ್ಟೇ ರಕ್ತ ಇಟ್ಕೊಂಡು ನೀವು ಬಿಂದಿಗೆ ಎತ್ತಿದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ರಕ್ತ ಏರಿಸಲು ಹೇಳಿದರು. ಆಮೇಲೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಮೊದಲಿಂದ ಕೇಳಿದರು: ಮೈನೆರೆದದ್ದು ಯಾವಾಗ, ಮದುವೆಗೆ ಮುಂಚೆ ಎಷ್ಟು ದಿನ ಹೋಗುತ್ತಿತ್ತು, ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯೇ, ಹೆರಿಗೆ ಎಲ್ಲಿ ಆಯಿತು. ಐದು ವರ್ಷದಲ್ಲಿ ಇಷ್ಟು ಯಾರೂ ಕೇಳಿರಲಿಲ್ಲ. ವೀಣಾ ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟಳು.

"ಮುಟ್ಟು ಅಂದ್ರೆ ಕೆಟ್ಟ ರಕ್ತ ಅಲ್ಲ, ಉಷ್ಣಾನೂ ಅಲ್ಲ," ಎಂದರು ಡಾಕ್ಟರು. "ತಿಂಗಳಾ ತಿಂಗಳಾ ಗರ್ಭಕೋಶ ಒಳಗೆ ಒಂದು ಪದರ ಬೆಳೆಸ್ಕೊಳ್ಳುತ್ತೆ. ಮಗು ನಿಂತ್ರೆ ಇರ್ಲಿ ಅಂತ. ಅಂಡ ಬಿಡುಗಡೆ ಆದ ಮೇಲೂ ಮಗು ನಿಲ್ಲದೇ ಇದ್ರೆ, ಎರಡು ವಾರ ಕಾದು ಪದರ ಕಳಚಿ ಬೀಳುತ್ತೆ. ಅಷ್ಟೇ. ಅದು ಹೆಚ್ಚು ಹೋದ್ರೆ ಏನೋ ಕಾರಣ ಇರ್ಲೇಬೇಕು. ಒಳಗೆ ಗಡ್ಡೆ ಬೆಳೆದಿರ್ಬಹುದು, ಥೈರಾಯ್ಡ್ ಇರ್ಬಹುದು, ಅಂಡ ಸರಿಯಾಗಿ ಬಿಡುಗಡೆ ಆಗದೇ ಇರ್ಬಹುದು, ಕೆಲವ್ರಿಗೆ ರಕ್ತ ಬೇಗ ಹೆಪ್ಪುಗಟ್ಟಲ್ಲ. ವಯಸ್ಸಾದವ್ರಲ್ಲಿ ಕ್ಯಾನ್ಸರೂ ನೋಡ್ತೀವಿ. ನಿಮಗೆ ಉಳಿದದ್ದೆಲ್ಲ ನೋಡಿಸ್ತೀನಿ, ಆದ್ರೆ ಒಳಗೆ ಒಂದು ತಾಮ್ರದ ತಂತಿ ಕಚ್ಕೊಂಡು ಕೂತಿರೋದು ಕಣ್ಣಿಗೇ ಕಾಣ್ತಿದೆ."

"ಯಾವಾಗ ಹಾಕಿದ್ರು ಮೇಡಂ?"

"ಹೆರಿಗೆ ಆದಾಗ್ಲೇ ಇರ್ಬೇಕು. ಮಗು ಹಿಂದೆ ಕಸ ಬಿದ್ದ ಕೂಡ್ಲೇ ಹಾಕೋದುಂಟು. ಆದ್ರೆ ಕೇಳಿ ಹಾಕ್ಬೇಕು. ನಿಮ್ಮನ್ನ ಯಾರೂ ಕೇಳ್ಲಿಲ್ವಾ?"

ವೀಣಾ ನೆನಪು ಮಾಡಿಕೊಂಡಳು. ಹಸಿರು ಬಟ್ಟೆ, ಟ್ಯೂಬ್‌ಲೈಟು, ಯಾರೋ ಹೊಟ್ಟೆ ಒತ್ತಿದ್ದು. ಕೇಳಿದ್ದು ನೆನಪಿರಲಿಲ್ಲ.

"ಇಲ್ಲ," ಎಂದಳು.

ಡಾಕ್ಟರು ಸ್ಕ್ಯಾನಿನ ಚೀಟಿ ಮಡಚಿಟ್ಟರು. "ಚೂರು ಮಂಪರು ಕೊಟ್ಟು ತೆಗೀತೀನಿ. ಗರ್ಭಕೋಶ ಹಂಗೇ ಇರುತ್ತೆ. ತೆಗೀಲಾ?"

ವೀಣಾ ಬಾಗಿಲ ಹತ್ತಿರ ನಿಂತಿದ್ದ ಕೃಷ್ಣಕುಮಾರನ ಕಡೆ ನೋಡಿದಳು.

"ಅವ್ರನ್ನಲ್ಲ. ನಿಮ್ಮನ್ನ ಕೇಳ್ತಿರೋದು."

ವೀಣಾ ಬಾಟಲಿಯಿಂದ ರಕ್ತ ತೊಟ್ಟಿಕ್ಕುವುದನ್ನು ನೋಡುತ್ತಿದ್ದಳು. ಅದು ಯಾರದೋ ರಕ್ತ. ತೋಳಿನಲ್ಲಿ ತಣ್ಣಗೆ ಏರುತ್ತಿತ್ತು.

"ತೆಗೀರಿ," ಎಂದಳು ಕೊನೆಗೆ.

ಈಶ್ವರಮ್ಮ ಮರುದಿನ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಬಂದಳು. ಮಗ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದ. ಅವಳು ಬರುವಷ್ಟರಲ್ಲಿ ತೆಗೆದಾಗಿತ್ತು. ಆಶಾ ಡಾಕ್ಟರು ಅದನ್ನು ಸ್ಟೀಲಿನ ಬಟ್ಟಲಲ್ಲಿಟ್ಟು ತೋರಿಸಿದ್ದರು. ಕಿರುಬೆರಳಿನಷ್ಟು ಉದ್ದದ ಬಿಳಿ ಪ್ಲಾಸ್ಟಿಕ್ಕು, ಮೇಲೆ ಕಪ್ಪುಗಟ್ಟಿದ ತಾಮ್ರದ ತಂತಿ. ಕೃಷ್ಣಕುಮಾರ್ ಅದನ್ನು ನೋಡಿ ಹೊರಗೆ ಹೋದವನು ಒಳಗೆ ಬಂದಿರಲಿಲ್ಲ.

"ಅದೇನಂತೆ ಒಳಗಿದ್ದದ್ದು?" ಎಂದು ಈಶ್ವರಮ್ಮ ಬುತ್ತಿ ಬಿಚ್ಚುತ್ತ ಕೇಳಿದಳು.

"ವಂಕಿ ಅಂತೆ ಅತ್ತಮ್ಮ. ಹೆರಿಗೆ ಆದಾಗ ಹಾಕಿದ್ದಂತೆ."

ಈಶ್ವರಮ್ಮನ ಕೈ ಬುತ್ತಿಯ ಮೇಲೇ ನಿಂತಿತು. "ಏನಂದಿ?"

"ವಂಕಿ."

ಮುದುಕಿ ಮಂಚದ ತುದಿಯಲ್ಲಿ ಕೂತಳು. ಪಕ್ಕದ ಮಂಚದ ಮಗುವೊಂದು ಅಳುತ್ತಿತ್ತು.

"ನನ್ನ ಕೇಳಿದ್ರು," ಎಂದಳು. "ಆ ದಿನ. ನೀನು ಒಳಗಿದ್ದೆ. ನರ್ಸಮ್ಮ ಬಾಗಿಲು ತೆಗೆದು, ನಿಮ್ಮ ಸೊಸೆಗೆ ವಂಕಿ ಹಾಕ್ತೀವಿ, ಆಗ್ಬಹುದಾ ಅಂದ್ಲು. ತೋಳಿಗೆ ಹಾಕೋ ವಂಕಿ ಅಂದ್ಕೊಂಡೆ. ಆಸ್ಪತ್ರೇಲಿ ಕೈಗೆ ಹೆಸರು ಬರ್ದು ಪಟ್ಟಿ ಕಟ್ತಾರಲ್ಲ, ಅದಕ್ಕೇ ಹಂಗಂತಾರೆ ಅಂದ್ಕೊಂಡೆ. ಹೂಂ ಹಾಕಮ್ಮ ಅಂದೆ. ಚೀಟಿ ಕೊಟ್ಲು, ಹೆಬ್ಬೆಟ್ಟು ಒತ್ತಿದೆ. ಮಗೂನ ಆಗ್ಲೇ ಆ ಕಡೆ ಎತ್ಕೊಂಡು ಹೋಗ್ತಿದ್ರು. ನನ್ನ ಜೀವ ಅಲ್ಲಿತ್ತು."

ವೀಣಾ ಕೇಳಿಸಿಕೊಂಡಳು.

"ನಾನೇ ಹೂಂ ಅಂದದ್ದು ಕಣಮ್ಮ," ಎಂದಳು ಈಶ್ವರಮ್ಮ. "ಆಮೇಲೆ ನಾನೇ ಸೋಮವಾರ ಹಿಡ್ದೆ."

ಅತ್ತೆಯನ್ನು ಸಮಾಧಾನ ಮಾಡಬೇಕು ಎಂದು ವೀಣಾಗೆ ಗೊತ್ತಿತ್ತು. ಬೈಯಬಹುದು ಎಂದೂ ಗೊತ್ತಿತ್ತು. ಎರಡಕ್ಕೂ ಮೈಯಲ್ಲಿ ಏನೂ ಇರಲಿಲ್ಲ.

"ನಿಮಗೇನು ಗೊತ್ತು ಅತ್ತಮ್ಮ," ಎಂದಳು. "ಊಟ ಮಾಡಿದ್ರಾ?"

"ಇಲ್ಲ. ಇವತ್ತು ಸೋಮವಾರ."

"ಊಟ ಮಾಡ್ರಿ."

ಈಶ್ವರಮ್ಮ ಮಾಡಲಿಲ್ಲ. ಸೊಸೆಗೆ ಕಲಸಿಕೊಟ್ಟು, ಅವಳು ತಿನ್ನುವುದನ್ನು ನೋಡುತ್ತ ಕೂತಳು.

ಕೃಷ್ಣಕುಮಾರನಿಗೆ ಇದನ್ನು ಹೇಳಿದವಳೂ ಈಶ್ವರಮ್ಮನೇ. ಅವನು ಅಮ್ಮನಿಗೆ ಏನೂ ಅನ್ನಲಿಲ್ಲ. ಸಿಟ್ಟೆಲ್ಲ ಆ ದೊಡ್ಡ ಆಸ್ಪತ್ರೆಯ ಮೇಲೆ ತಿರುಗಿತು. ವೀಣಾ ಮನೆಗೆ ಬಂದ ಮೇಲೆ, ಬಟ್ಟಲಿನ ವಸ್ತುವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಒಬ್ಬನೇ ಹೋದ. ಅಲ್ಲಿ ಆಗ ಇದ್ದವರು ಯಾರೂ ಈಗ ಇರಲಿಲ್ಲ. ಒಬ್ಬರು ಇನ್ನೊಬ್ಬರ ಕೋಣೆಗೆ ಕಳಿಸಿದರು. ಕೊನೆಗೆ ಒಬ್ಬ ಅಧಿಕಾರಿ ಕುರ್ಚಿ ತೋರಿಸಿ, "ನಿಮ್ಮ ತಾಯಿ ಒಪ್ಪಿದ್ದಾರಲ್ಲಪ್ಪ," ಎಂದರು. "ಒಳಗಿದ್ದದ್ದು ನನ್ನ ಹೆಂಡ್ತಿ," ಎಂದ ಕೃಷ್ಣಕುಮಾರ್. ಅರ್ಜಿ ಬರೆದುಕೊಡಿ, ವಿಚಾರಿಸುತ್ತೇವೆ ಎಂದರು. ಬರೆದುಕೊಟ್ಟ. ಅದಕ್ಕೆ ಇವತ್ತಿನವರೆಗೆ ಉತ್ತರ ಬಂದಿಲ್ಲ. ಕವರನ್ನು ಅವನು ವಾಪಸ್ಸು ಬರುವಾಗ ಎಲ್ಲೋ ಎಸೆದು ಬಂದ. ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಮುಂದಿನ ಮುಟ್ಟು ಬಂದಾಗ ವೀಣಾ ಹಳೆಯ ಬಟ್ಟೆಗಳನ್ನೆಲ್ಲ ತೆಗೆದು ಜೋಡಿಸಿಟ್ಟುಕೊಂಡಳು. ನಾಲ್ಕನೇ ದಿನಕ್ಕೆ ನಿಂತಿತು. ಐದನೇ ದಿನವೂ ನೋಡಿದಳು, ಆರನೇ ದಿನವೂ ನೋಡಿದಳು. ಬಟ್ಟೆಗಳಲ್ಲಿ ಅರ್ಧ ಹಾಗೇ ಉಳಿದಿದ್ದವು. ಕಬ್ಬಿಣದ ಮಾತ್ರೆಗೆ ನಾಲಿಗೆ ಕಹಿಯಾಗುತ್ತಿತ್ತು, ಆದರೆ ಹಸಿ ಅಕ್ಕಿಯ ಆಸೆ ತಾನಾಗಿ ಹೋಯಿತು. ಬಿಂದಿಗೆ ಹೊತ್ತು ಬಂದರೆ ಉಸಿರು ಕಟ್ಟುತ್ತಿರಲಿಲ್ಲ. ಕಿವಿಯ ಗುಂಯ್ ನಿಂತ ಮೇಲೆ, ಬೀದಿಯ ಎಲ್ಲ ಮನೆಗಳ ಮಗ್ಗದ ಸದ್ದು ಬೇರೆ ಬೇರೆಯಾಗಿ ಕೇಳಿಸತೊಡಗಿತು.

ಈಶ್ವರಮ್ಮ ಸೋಮವಾರ ಬಿಡಲಿಲ್ಲ. ಈಗ ಯಾವುದಕ್ಕೆ ಹಿಡಿದಿದ್ದಾಳೆ ಎಂದು ಹೇಳಲೂ ಇಲ್ಲ. ಸೊಸೆಯ ಮುಂದೆ ಕಡಿಮೆ ಮಾತಾಡುತ್ತಿದ್ದಳು. ಅವಳಿಗೆ ಮೊದಲು ಬಡಿಸಿ ಆಮೇಲೆ ತಾನು ಕೂರುತ್ತಿದ್ದಳು. ಕೃಷ್ಣಕುಮಾರ್ ಮಗ್ಗಕ್ಕೆ ಹೊಸ ಸೀರೆಯ ಹಾಸು ಹೂಡಿದ. ಅವನ ಮುಖದಲ್ಲಿ ಆಸೆ ಕಾಣುತ್ತಿತ್ತು. ಒಂದು ರಾತ್ರಿ ಊಟವಾದ ಮೇಲೆ, "ಡಾಕ್ಟರು ಆರು ತಿಂಗಳು ಬಿಟ್ಟು ನೋಡಿ ಅಂದಿದ್ರಲ್ಲ," ಎಂದ.

"ಹೂಂ."

"ಆಗ್ತೈತೆ ಅಂದ್ರು. ಏನೂ ತೊಂದ್ರೆ ಇಲ್ಲ ಅಂದ್ರು."

"ಹೂಂ."

"ನೀನು ಏನೂ ಮಾತಾಡಲ್ಲ."

ವೀಣಾ ತಟ್ಟೆಗಳನ್ನು ಜೋಡಿಸುತ್ತಿದ್ದವಳು ನಿಲ್ಲಿಸಿದಳು. "ಬಾವ, ಮಗೂನ ಎಲ್ಲಿ ಇಟ್ರಿ?"

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆ ತಗ್ಗಿಸಿದ.

"ಗುಡ್ಡದ ಹತ್ರ."

"ತೋರಿಸ್ತೀರಾ?"

ಮರುದಿನ ಬೆಳಿಗ್ಗೆ ಟಿವಿಎಸ್ ಮೇಲೆ ಹೋದರು. ರಾಯದುರ್ಗದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬಲಕ್ಕೆ ಇಳಿದರೆ ಬಂಡೆಗಳ ಗುಡ್ಡ. ಅದರ ಬುಡದಲ್ಲಿ ಜಾಲಿ, ಕಳ್ಳಿ. ಕುರಿಗಳು ತುಳಿದು ಮಾಡಿದ ದಾರಿ. ಕೃಷ್ಣಕುಮಾರ್ ಮುಂದೆ ಹೋಗಿ ಒಂದು ಕಡೆ ನಿಂತ. ನೋಡಿದ. ಇನ್ನೊಂದು ಕಡೆ ಹೋಗಿ ನಿಂತ.

"ಇಲ್ಲೇ ಎಲ್ಲೋ," ಎಂದ. "ಮೂರು ಕಲ್ಲು ಇಟ್ಟಿದ್ದೆ. ಇಲ್ಲಿ ಎಲ್ಲಾ ಕಲ್ಲೇ."

"ಇರ್ಲಿ ಬಿಡ್ರಿ."

"ಈ ಜಾಲಿ ಆಗ ಇರ್ಲಿಲ್ಲ. ಬಯಲಿತ್ತು."

ವೀಣಾ ಒಂದು ಬಂಡೆಯ ನೆರಳಲ್ಲಿ ಕೂತಳು. ಅವನೂ ಬಂದು ಕೂತ. ಕೆಳಗೆ ಊರು ಕಾಣುತ್ತಿತ್ತು.

"ಹೆಂಗಿತ್ತು?" ಎಂದಳು. "ನಾನು ಪಾದ ಒಂದೇ ನೋಡಿದ್ದು."

ಅವನು ಊರಿನ ಕಡೆ ನೋಡುತ್ತ ಹೇಳಿದ. "ತಲೆ ತುಂಬ ಕೂದ್ಲಿತ್ತು. ಮೂಗು ನಿನ್ನ ಥರ. ಇಷ್ಟೇ ಇತ್ತು." ಕೈಯಲ್ಲಿ ಅಳತೆ ತೋರಿಸಿದ. ಮೊಣಕೈಯಿಂದ ಬೆರಳತುದಿಗೂ ಕಡಿಮೆ. "ನನ್ನ ಟವಲಲ್ಲಿ ಸುತ್ಕೊಂಡು ಬಂದೆ. ಬಸ್ಸಲ್ಲಿ ಬಂದೆ ಕಣೇ. ಗಾಡಿ ಮಾಡ್ಬೇಕು ಅಂತ ಹೊಳೀಲೇ ಇಲ್ಲ. ಪಕ್ಕದಲ್ಲಿ ಕೂತ ಅಜ್ಜಿ, ಮಗು ಮಲ್ಗೈತಾ, ತಾಯಿ ಎಲ್ಲಿ ಅಂತ ಕೇಳಿದ್ಲು. ಹೂಂ, ಮಲ್ಗೈತೆ ಅಂದೆ."

ಅವನು ಅತ್ತ. ಶಬ್ದವಿಲ್ಲದೆ, ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ವೀಣಾ ಅವನ ಬೆನ್ನ ಮೇಲೆ ಕೈಯಿಟ್ಟಳು. ತನಗೂ ಅಳು ಬರಬಹುದೆಂದು ಕಾದಳು. ಬರಲಿಲ್ಲ. ಆದರೆ ಅಂಗೈ ಕೆಳಗೆ ಅವನ ಬೆನ್ನು ಏರಿಳಿಯುವುದು, ಅಂಗಿಯ ಬೆವರು, ಬಿಸಿ, ಎಲ್ಲ ಗೊತ್ತಾಗುತ್ತಿತ್ತು. ಐದು ವರ್ಷ ಅವನು ಇದನ್ನು ಒಬ್ಬನೇ ಇಟ್ಟುಕೊಂಡಿದ್ದ ಎಂದುಕೊಂಡಳು. ಎದೆಯಲ್ಲಿ ಎಲ್ಲೋ ಒಂದು ಕಡೆ ನೋವಾಯಿತು. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಆಗುವ ಥರದ ನೋವು. ಸ್ವಲ್ಪವೇ ಆಯಿತು, ಹೋಯಿತು.

"ಬಾವ," ಎಂದಳು, "ಇನ್ನೊಂದು ಮಗು ಈಗ್ಲೇ ಬೇಡ. ಇದನ್ನ ಇನ್ನೂ ನಾನು ನೋಡೇ ಇಲ್ಲ."

ಅವನು ತಲೆ ಎತ್ತಲಿಲ್ಲ. ಎತ್ತದೆಯೇ, ಆಗಲಿ ಎನ್ನುವಂತೆ ಆಡಿಸಿದ.

ಚಳಿಗಾಲ ಕಳೆಯುವ ಹೊತ್ತಿಗೆ ಆಶಾ ಡಾಕ್ಟರು ಹೇಳಿದ್ದ ತಪಾಸಣೆಗೆ ವೀಣಾ ಒಬ್ಬಳೇ ಚಳ್ಳಕೆರೆಗೆ ಹೊರಟಳು. ಜೊತೆಗೆ ಬರ್ತೀನಿ ಎಂದ ಗಂಡನಿಗೆ, "ಸೀರೆ ಇಳಿಸ್ರಿ, ನಾನು ಹೋಗಿ ಬರ್ತೀನಿ," ಎಂದಳು. ಈಶ್ವರಮ್ಮ ಬಾಗಿಲ ತನಕ ಬಂದು, ಬುತ್ತಿ ಬೇಕಾ ಎಂದು ಕೇಳಿದಳು. "ಬೇಡ ಅತ್ತಮ್ಮ, ಅಲ್ಲೇ ತಿಂತೀನಿ," ಎಂದಳು ವೀಣಾ. "ಉಪ್ಪಿಟ್ಟು ಮಾಡಿಟ್ಟಿದೀನಿ, ನೀವು ತಿನ್ರಿ. ಇವತ್ತು ಸೋಮವಾರ ಆದ್ರೂ ಪರವಾಗಿಲ್ಲ." ಮುದುಕಿ ಒಳಗೆ ಹೋದಳು. ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಯಿತು. ವೀಣಾ ಅದನ್ನು ಕೇಳಿಸಿಕೊಂಡೇ ಬೀದಿಗಿಳಿದಳು.

ಹಿಮೋಗ್ಲೋಬಿನ್ ಐದರಿಂದ ಹತ್ತೂವರೆಗೆ ಏರಿತ್ತು. ಆಶಾ ಡಾಕ್ಟರು ಖುಷಿಪಟ್ಟರು. ಇನ್ನೂ ಮೂರು ತಿಂಗಳು ಮಾತ್ರೆ ಬಿಡಬೇಡಿ ಎಂದರು.

"ಮುಂದೆ ಏನು ಅಂದ್ಕೊಂಡಿದೀರಿ? ಮಗು ಬೇಕಂದ್ರೆ ಹೇಳಿ, ಬೇಡ ಅಂದ್ರೆ ಅದಕ್ಕೂ ದಾರಿ ಇದೆ. ಏನು ಮಾಡಿದ್ರೂ ನಿಮಗೆ ಗೊತ್ತಿದ್ದೇ ಮಾಡೋದು."

"ಇನ್ನೂ ಗೊತ್ತಿಲ್ಲ ಮೇಡಂ."

"ಸರಿ. ಗೊತ್ತಾದಾಗ ಬನ್ನಿ. ಅಲ್ಲೀವರೆಗೆ ಅವ್ರು ನಿರೋಧ್ ಬಳಸ್ಲಿ."

ವೀಣಾ ನಾಚಿಕೊಳ್ಳದೆ ತಲೆಯಾಡಿಸಿದಳು. ಹೊರಗೆ ಬಂದಾಗ ಬಿಸಿಲು ಏರಿತ್ತು. ಬಸ್ ಸ್ಟ್ಯಾಂಡಿನ ಎದುರು ಒಬ್ಬಳು ಬಾಣಲೆಯಿಂದ ಮೆಣಸಿನಕಾಯಿ ಬಜ್ಜಿ ಎತ್ತುತ್ತಿದ್ದಳು. ಮೊಳಕಾಲ್ಮುರಿನ ಮೇಲೆ ರಾಂಪುರದ ಕಡೆ ಹೋಗುವ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರು ಕೈ ಮಾಡಿ ಕರೆದ. ವೀಣಾ ಮುಂದಿನ ಬಸ್ಸಿಗೆ ಬರ್ತೀನಿ ಎಂದು ಕೈಯಲ್ಲೇ ಹೇಳಿ, ಬೆಂಚಿನ ಮೇಲೆ ಕೂತು ಒಂದು ಪ್ಲೇಟು ಮಂಡಕ್ಕಿ ಮೆಣಸಿನಕಾಯಿ ಕೇಳಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಪೂರ್ತಿ ತಿಂದಳು.